ನಗರಸಭೆಗೆ ದೂರು ಬರೆಯುವ ಮುನ್ನ: ಕಾರವಾರ, ಶಿರಸಿ ಮತ್ತು ಕರಾವಳಿಯ ಊರುಗಳಿಗೆ

"ನಮ್ಮ ಓಣಿಯ ಗಟಾರ ಕಟ್ಟಿದೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದಷ್ಟೇ ಬರೆದ ಅರ್ಜಿ ಆರೋಗ್ಯ ವಿಭಾಗದಿಂದ ಇಂಜಿನಿಯರಿಂಗ್ ವಿಭಾಗಕ್ಕೆ ಹೋಗಿ ಅಲ್ಲಿಂದ ವಾಪಸು ಬರುತ್ತದೆ. ಹೂಳು, ಕಸ ತುಂಬಿದ್ದರೆ ತೆಗೆಸುವುದು ಆರೋಗ್ಯ ವಿಭಾಗ. ಗೋಡೆ ಕುಸಿದು ಕಟ್ಟಿದ್ದರೆ ಅಂದಾಜುಪಟ್ಟಿ ಆಗಬೇಕು, ಅದು ಇಂಜಿನಿಯರ್ ಕೆಲಸ. ಯಾವುದೆಂದು ನೀವು ನೋಡಿ ಬರೆಯದಿದ್ದರೆ ಯಾರೋ ಬಂದು ನೋಡುವವರೆಗೆ ಅರ್ಜಿ ಕಡತದಲ್ಲೇ ಕೂರುತ್ತದೆ.

ಜಾಗ ಯಾರದ್ದು

ಕಾರವಾರ, ಶಿರಸಿ, ದಾಂಡೇಲಿಯಲ್ಲಿ ನಗರಸಭೆ. ಅರ್ಜಿ ಪೌರಾಯುಕ್ತರ ಹೆಸರಿಗೆ. ಕುಮಟಾ, ಅಂಕೋಲಾದಲ್ಲಿ ಪುರಸಭೆ, ಹೊನ್ನಾವರದಲ್ಲಿ ಪಟ್ಟಣ ಪಂಚಾಯತ; ಅಲ್ಲಿ ಮುಖ್ಯಾಧಿಕಾರಿಗಳಿಗೆ. ಊರಿನ ಅಂಚಿನಲ್ಲಿರುವವರು ಹೆಚ್ಚು ಎಡವುವುದು ಇಲ್ಲೇ. ಕಾಳಿ ಸೇತುವೆ ದಾಟಿದರೆ ಸದಾಶಿವಗಡ ಚಿತ್ತಾಕುಲ ಗ್ರಾಮ ಪಂಚಾಯತಕ್ಕೆ ಸೇರುತ್ತದೆ. ಅಲ್ಲಿನ ಬೀದಿದೀಪದ ದೂರು ಪಂಚಾಯತ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಹೋಗಬೇಕೇ ಹೊರತು ಕಾರವಾರ ನಗರಸಭೆಗಲ್ಲ.

ಊರೊಳಗಿನ ರಸ್ತೆಗಳೆಲ್ಲ ನಗರಸಭೆಯವೂ ಅಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಹಾದು ಹೋಗುವ 66 ರಾಷ್ಟ್ರೀಯ ಹೆದ್ದಾರಿಯ ಹೊಂಡ, ಸರ್ವಿಸ್ ರಸ್ತೆ, ಹೆದ್ದಾರಿಯ ದೀಪ ಇವಕ್ಕೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ಕುಮಟಾ–ಶಿರಸಿ ರಸ್ತೆ ಕೂಡ ಈಗ ರಾಷ್ಟ್ರೀಯ ಹೆದ್ದಾರಿಯೇ, 766ಇ. ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯವು. ಉಳಿದ ಒಳರಸ್ತೆ, ಅಡ್ಡರಸ್ತೆಗಳನ್ನು ನಗರಸಭೆಯೇ ನೋಡಿಕೊಳ್ಳಬೇಕು. ಹೆದ್ದಾರಿಯ ನೀರು ಇಳಿದು ಬಂದು ನಿಮ್ಮ ಓಣಿಯಲ್ಲಿ ನಿಲ್ಲುತ್ತಿದ್ದರೆ ಒಂದೇ ಅರ್ಜಿಯನ್ನು ಇಬ್ಬರಿಗೂ ಕೊಡಿ, ಇನ್ನೊಬ್ಬರಿಗೆ ಪ್ರತಿ ಹೋಗಿದೆ ಎಂಬುದು ಎರಡರಲ್ಲೂ ಕಾಣುವಂತೆ. "ನಮ್ಮ ವ್ಯಾಪ್ತಿಯಲ್ಲ" ಎಂಬ ಉತ್ತರವನ್ನು ಆಗ ಬಾಯಿಮಾತಿನಲ್ಲಿ ಹೇಳಿ ಕಳಿಸುವುದು ಕಷ್ಟ, ಬರೆದೇ ಕೊಡಬೇಕಾಗುತ್ತದೆ.

ತಂತಿ ಜೋತುಬಿದ್ದಿದ್ದರೆ, ಕಂಬದಲ್ಲಿ ಕಿಡಿ ಹಾರುತ್ತಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ರಸ್ತೆಗೆ ವಾಲಿದ ಮರ ನಗರಸಭೆಯ ಜಾಗದಲ್ಲೇ ಇದ್ದರೂ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು (1976ರ ಮರ ಸಂರಕ್ಷಣಾ ಕಾಯ್ದೆ), ಹಾಗಾಗಿ ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ ಇರಲಿ. ಇದನ್ನು ಮೇ ತಿಂಗಳೊಳಗೆ ಮುಗಿಸಬೇಕು. ಜೂನ್ ಗಾಳಿ-ಮಳೆ ಶುರುವಾದ ಮೇಲೆ ಇರುವ ಜನರೆಲ್ಲ ಬಿದ್ದ ಮರ ತೆರವು ಮಾಡುವುದರಲ್ಲೇ ಇರುತ್ತಾರೆ.

ದೋಷ ಎಲ್ಲಿದೆ ಎಂದು ನೋಡಿಕೊಳ್ಳುವುದು

ನಳದ ನೀರು ಕೆಂಪಗೆ ಬಂದರೆ ಎಷ್ಟು ಹೊತ್ತು ಬರುತ್ತದೆ ನೋಡಿ. ಮೊದಲ ಐದು ನಿಮಿಷ ಮಾತ್ರ ಕೆಸರು, ಆಮೇಲೆ ತಿಳಿಯಾದರೆ ಅದು ಪೈಪಿನಲ್ಲಿ ಕೂತ ಮಣ್ಣು. ಲೈನ್ ತೊಳೆದು ಬಿಡಿ ಎಂದು ಕೇಳಿ. ಕೊನೆಯವರೆಗೂ ಕೆಂಪಗೇ ಇದ್ದರೆ ಶುದ್ಧೀಕರಣ ಘಟಕದಲ್ಲೋ ಮುಖ್ಯ ಕೊಳವೆಯಲ್ಲೋ ತೊಂದರೆ. ಕೊಳಚೆ ವಾಸನೆ ಇದ್ದರೆ ಗಟಾರದೊಳಗೆ ಹಾದುಹೋದ ಪೈಪು ಒಡೆದಿರುವ ಸಾಧ್ಯತೆ ಹೆಚ್ಚು. ನೀರು ನಿಂತಾಗ ಪೈಪಿನ ಒತ್ತಡ ಇಳಿದು ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಥದ್ದರಲ್ಲಿ ಆ ನೀರು ಕುಡಿಯುವುದನ್ನು ಆ ಕ್ಷಣವೇ ನಿಲ್ಲಿಸಿ, ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಕೇಳಿ, ಯಾವ ಮನೆಯಿಂದ ವಾಸನೆ ಶುರು ಎಂದು ಬರೆಯಿರಿ. ಅಗೆಯಬೇಕಾದ ಜಾಗ ಅಲ್ಲೇ ಅರ್ಧ ಸಿಕ್ಕಿಬಿಡುತ್ತದೆ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು; ಪರೀಕ್ಷೆ ಮಾಡಿಸಿ ವರದಿ ಕೊಡಿ ಎಂದೂ ಕೇಳಬಹುದು.

ನೀರಿನ ಒತ್ತಡ ಕಡಿಮೆ ಎನ್ನುವ ಬದಲು 20 ಲೀಟರಿನ ಬಕೆಟ್ ತುಂಬಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆಯಿರಿ. ನಿಮ್ಮ ಮನೆಗೆ ಮಾತ್ರ ಕಡಿಮೆ ಇದ್ದರೆ ನಿಮ್ಮ ಸಂಪರ್ಕದ ಪೈಪನ್ನೋ ಮೀಟರನ್ನೋ ಮೊದಲು ನೋಡಿಸಿ. ಇಡೀ ಓಣಿಗೆ ಕಡಿಮೆಯಾದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಅಥವಾ ಮೇಲಿನ ಮನೆಗಳಲ್ಲಿ ಯಾರೋ ಲೈನಿಗೇ ಮೋಟರ್ ಹಚ್ಚಿದ್ದಾರೆ.

ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕುವುದು ಮಳೆ ಬಂದಾಗ ಮಾತ್ರವೋ, ಒಣ ದಿನದಲ್ಲೂ ಇದೆಯೋ? ಮಳೆಯಲ್ಲಿ ಮಾತ್ರ ಆದರೆ ಯಾರದೋ ಮಾಡಿನ ನೀರು, ಅಂಗಳದ ನೀರು ಒಳಚರಂಡಿಗೆ ಸೇರಿದೆ. ಎಷ್ಟು ಸಲ ಸ್ವಚ್ಛ ಮಾಡಿದರೂ ಅದು ನಿಲ್ಲದು. ಒಣ ದಿನದಲ್ಲೂ ಉಕ್ಕಿದರೆ ಕೆಳಗಿನ ಕಡೆ ಕಟ್ಟಿದೆ. ಮೇಲಿನ ಯಾವ ಮುಚ್ಚಳದಿಂದ ಉಕ್ಕುತ್ತಿದೆ, ಕೆಳಗಿನ ಯಾವುದು ಒಣಗಿದೆ ಎಂದು ದೂರದಿಂದ ಗಮನಿಸಿ ತಿಳಿಸಿ. ಕಟ್ಟಿರುವುದು ಇವೆರಡರ ನಡುವೆ. ಮುಚ್ಚಳ ತೆಗೆಯುವುದು, ಒಳಗೆ ಇಳಿಯುವುದು ಬೇಡ. ಯಾರನ್ನೂ ಇಳಿಸಲೂ ಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಕೇಳಬೇಕಾದದ್ದು ಯಂತ್ರವಿರುವ ವಾಹನ.

ಬೀದಿದೀಪಕ್ಕೆ ಕಂಬದ ಮೇಲೆ ಬರೆದ ಸಂಖ್ಯೆ ಸಾಕು. ಒಂದೇ ದೀಪ ಆರಿದೆಯೋ ಸಾಲಿಗೆ ಸಾಲೇ ಆರಿದೆಯೋ ಎಂದು ಮಾತ್ರ ಸೇರಿಸಿ. ಸಾಲು ಆರಿದ್ದರೆ ಸ್ವಿಚ್ ಪೆಟ್ಟಿಗೆಯಲ್ಲಿ ದೋಷ, ಏಣಿ ಹತ್ತುವ ಅಗತ್ಯವೇ ಬರುವುದಿಲ್ಲ. ಸಮುದ್ರದ ಬದಿಯ ಓಣಿಗಳಲ್ಲಿ ಉಪ್ಪುಗಾಳಿಗೆ ಸಂಪರ್ಕದ ತುದಿಗಳು ತುಕ್ಕು ಹಿಡಿಯುತ್ತವೆ. ಒಂದೇ ಕಂಬದ ದೀಪ ಮತ್ತೆ ಮತ್ತೆ ಆರುತ್ತಿದ್ದರೆ ಬಲ್ಬಿನ ಬದಲು ವೈರ್, ಹೋಲ್ಡರ್ ಬದಲಿಸಿ ಎಂದು ಬರೆಯಿರಿ.

ಕಡಲಿಗೆ ಸೇರುವ ನಾಲೆಗಳಲ್ಲಿ ಉಬ್ಬರದ ಹೊತ್ತಿಗೆ ನೀರು ಹಿಂದಕ್ಕೆ ಒತ್ತುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಇನ್ನೂ ಜೋರು. ಕಾರವಾರದ ಕೋಣೆನಾಲೆಯ ಬದಿಯವರು ನೀರು ಏರಿದ ದಿನಾಂಕದ ಜೊತೆ ಗಂಟೆಯನ್ನೂ ಬರೆಯುವುದು ಒಳ್ಳೆಯದು. ಇಳಿತದಲ್ಲೂ ನೀರು ಇಳಿಯದಿದ್ದರೆ ನಾಲೆಯ ಬಾಯಿಗೆ ಮರಳು ಕಟ್ಟಿದೆಯೇ ನೋಡಿ. ಹಾಗಿದ್ದಲ್ಲಿ ಓಣಿಯ ಗಟಾರ ಎಷ್ಟು ಕೆರೆದರೂ ವ್ಯರ್ಥ.

ಅರ್ಜಿಯ ಮಾತು

ಒಂದು ಅರ್ಜಿಗೆ ಒಂದೇ ವಿಷಯ. ರಸ್ತೆ, ನೀರು, ನಾಯಿ, ಕಸ ಎಲ್ಲ ಸೇರಿಸಿ ಬರೆದರೆ ನಾಲ್ಕು ವಿಭಾಗಗಳಲ್ಲಿ ಒಬ್ಬರು ಉತ್ತರಿಸಿದ ಕೂಡಲೇ ಕಡತ ಮುಚ್ಚುತ್ತದೆ. ಗಟಾರದ ಅರ್ಜಿಯ ಮಾದರಿ ಹೀಗಿರಲಿ:

"ವಿಷಯ: ವಾರ್ಡ್ ಸಂಖ್ಯೆ __ರ ಗಟಾರದ ಹೂಳು ತೆಗೆಸುವ ಬಗ್ಗೆ. __ ಅಡ್ಡರಸ್ತೆಯಲ್ಲಿ ಗುಡಿಯಿಂದ ಮೋರಿಯವರೆಗೆ ಎಡಬದಿ, ಸುಮಾರು 40 ಮೀಟರ್ ಉದ್ದಕ್ಕೆ ಒಂದೂವರೆ ಅಡಿ ಹೂಳು ನಿಂತಿದೆ. ಮೋರಿಯ ಪೈಪಿನಲ್ಲಿ ತೆಂಗಿನ ಗರಿ, ಪ್ಲಾಸ್ಟಿಕ್ ಸಿಕ್ಕಿದೆ. ಗೋಡೆ ಗಟ್ಟಿಯಿದೆ. ಹೂಳು ತೆಗೆಸಿ, ತೆಗೆದ ಹೂಳನ್ನು ಎರಡು ದಿನದೊಳಗೆ ಸಾಗಿಸಬೇಕಾಗಿ ವಿನಂತಿ."

ಕೊನೆಯ ಸಾಲನ್ನು ಬಿಡಬೇಡಿ. ಗಟಾರದ ದಂಡೆಯಲ್ಲೇ ರಾಶಿ ಹಾಕಿದ ಹೂಳು ಮೊದಲ ಮಳೆಗೆ ಮತ್ತೆ ಒಳಗೆ ಇಳಿಯುತ್ತದೆ. ಫೋಟೋ ಎರಡು ಸಾಕು: ಹತ್ತಿರದಿಂದ ಒಂದು, ಅಂಗಡಿ ಬೋರ್ಡೋ ಕಂಬವೋ ಕಾಣುವಂತೆ ದೂರದಿಂದ ಒಂದು.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ದು ಆವಕ ವಿಭಾಗದಲ್ಲಿ ಒಂದನ್ನು ಕೊಡಿ, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ವಾರ್ಡಿನ ಸದಸ್ಯರಿಗೆ ವಾಟ್ಸಾಪ್ ಮಾಡಿದ್ದು ಕೆಲಸಕ್ಕೆ ಬೇಗ ಒದಗಬಹುದು, ದಾಖಲೆಗೆ ಒದಗುವುದಿಲ್ಲ. ಪೌರಾಡಳಿತ ನಿರ್ದೇಶನಾಲಯದ 'ಜನಹಿತ' ದೂರು ವ್ಯವಸ್ಥೆಯಲ್ಲಿ ದಾಖಲಿಸಿದರೆ ದೂರಿನ ಸಂಖ್ಯೆ ಸಿಗುತ್ತದೆ. ರಾಜ್ಯದ ಜನಸ್ಪಂದನ ಸಹಾಯವಾಣಿ 1902.

ಖಾತೆ ಬದಲಾವಣೆ, ಕಟ್ಟಡ ಪರವಾನಗಿ, ಜನನ-ಮರಣ ಪ್ರಮಾಣಪತ್ರದಂಥ ಅರ್ಜಿಗಳ ದಾರಿ ಬೇರೆ, ಅವು ಸಕಾಲದಡಿ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆಂಬ ಕಾಯ್ದೆ) ಬರುತ್ತವೆ. ಸ್ವೀಕೃತಿ ಚೀಟಿಯಲ್ಲಿ ಸಕಾಲ ಸಂಖ್ಯೆ ಇದೆಯೇ ಎಂದು ಕೌಂಟರಿನಲ್ಲೇ ನೋಡಿ. ಅದಿಲ್ಲದೆ ಗಡುವೂ ಇಲ್ಲ, ಮೇಲ್ಮನವಿಯೂ ಇಲ್ಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ತಡಮಾಡಿದ ನೌಕರರಿಂದ ವಸೂಲಾಗುವಂಥದ್ದು.

ಹದಿನೈದು ದಿನ ಕಳೆದರೂ ಏನೂ ಆಗದಿದ್ದರೆ ಹಳೆಯ ಆವಕ ಸಂಖ್ಯೆ ಬರೆದು ನೆನಪೋಲೆ ಕೊಡಿ, ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹಾಕಿ. ಹೊಸ ಅರ್ಜಿ ಬರೆದರೆ ಲೆಕ್ಕ ಮತ್ತೆ ಒಂದನೇ ದಿನದಿಂದ.

ಮಾಡಿದ ಕೆಲಸವೇ ಕಳಪೆಯಾಗಿ, ಹೊಸ ಡಾಂಬರು ಒಂದೇ ಮಳೆಗೆ ಕಿತ್ತಿದ್ದರೆ ದೂರಿಗಿಂತ ಮಾಹಿತಿ ಹಕ್ಕು ಅರ್ಜಿ ಪರಿಣಾಮಕಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇದೆ. ಉದ್ದ ಬರೆದರೆ ಅದೇ ನೆಪವಾಗುತ್ತದೆ. "ಏಕೆ ಹೀಗಾಯಿತು" ಎಂದು ಕೇಳಬೇಡಿ. ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್, ಗುತ್ತಿಗೆದಾರರೇ ದುರಸ್ತಿ ಮಾಡಬೇಕಾದ ಅವಧಿ ಯಾವಾಗ ಮುಗಿಯುತ್ತದೆ ಎಂಬ ದಾಖಲೆ, ಇಷ್ಟರ ಪ್ರತಿ ಕೇಳಿ. ಆ ಅವಧಿ ಇನ್ನೂ ಇದ್ದರೆ ನಗರಸಭೆಯ ಹಣ ಖರ್ಚಾಗದೆ ರಸ್ತೆ ದುರಸ್ತಿ ಮಾಡಿಸಬಹುದು.

ಸಲಹೆ ಕೊಡುವುದಾದರೆ

ಹೊಸ ಗಟಾರ, ದೀಪ, ಶೌಚಾಲಯ ಇವು ದೂರಲ್ಲ, ಬೇಡಿಕೆ, ಹಣ ಮೀಸಲಾಗಬೇಕು. ಬಜೆಟ್ ಹೊಸ ಹಣಕಾಸು ವರ್ಷಕ್ಕೆ ಮೊದಲೇ ತಯಾರಾಗುತ್ತದೆ, ಅದಕ್ಕೂ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಡಿಸೆಂಬರಿನಿಂದಲೇ ಪತ್ರಿಕೆಯಲ್ಲಿ, ಸೂಚನಾ ಫಲಕದಲ್ಲಿ ದಿನಾಂಕ ನೋಡುತ್ತಿರಿ. ಸಭೆಯಲ್ಲಿ ಮಾತಾಡಿದ್ದನ್ನೇ ಬರೆದೂ ಕೊಡಿ, ಇಲ್ಲದಿದ್ದರೆ ನಡಾವಳಿಯಲ್ಲಿ "ಸಾರ್ವಜನಿಕರು ಸಲಹೆ ನೀಡಿದರು" ಎಂದಷ್ಟೇ ಉಳಿಯುತ್ತದೆ. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಸಲಹೆ ಆಡಳಿತಾಧಿಕಾರಿಗೆ ಹೋಗಬೇಕು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ತಾತ್ಕಾಲಿಕ ಶೌಚಾಲಯ, ಕಸದ ಗಾಡಿ, ಕುಡಿಯುವ ನೀರಿನ ಸಲಹೆಗಳನ್ನು ಜಾತ್ರೆಯ ಹಿಂದಿನ ವರ್ಷದ ಬಜೆಟ್ ಸಭೆಯಲ್ಲೇ ಇಡಬೇಕು. ಜಾತ್ರೆಗೆ ತಿಂಗಳಿರುವಾಗ ಕೊಟ್ಟರೆ ಟೆಂಡರಿಗೇ ದಿನ ಸಾಲುವುದಿಲ್ಲ.