ಮಾಡೆಲ್ ಹಾಲಿನಲ್ಲಿ, ಬೋರ್ಡ್ ಒಳಗಿನ ರೂಮಿನಲ್ಲಿ

ಮನುಷ್ಯರ ಚಿತ್ರ ಬಿಡಿಸೋಕೆ ಅಂತ ದುಡ್ಡು ಕೊಟ್ಟು ಮಾಡೆಲ್ ಕರೆಸಿ, ಅವರಿಗೇ ಬೆನ್ನು ತಿರುಗಿಸಿ ಬಿಡಿಸ್ತಾನಂತೆ ಅಂತ ನಕ್ಕವರಲ್ಲಿ ಇಬ್ಬರು ಈಗ ಭಾನುವಾರ ನಮ್ಮ ಮನೆಗೇ ಡ್ರಾಯಿಂಗ್ ಬೋರ್ಡ್ ಹಿಡಿದು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೇ ನಾನೂ ಬಸ್ ಸ್ಟ್ಯಾಂಡಿನಲ್ಲಿ ಸ್ಕೆಚ್ ಮಾಡಿದೆ, ಸ್ನಾಯುಗಳ ಹೆಸರು ಉರು ಹೊಡೆದೆ. ಕೈ ಚುರುಕಾಯಿತು. ಆದರೆ ನಾನು ಬಿಡಿಸಿದ ಮನುಷ್ಯ ಮಾತ್ರ ಈಗಲೋ ಆಗಲೋ ಬೀಳುವವನ ಹಾಗೆ ನಿಂತಿರುತ್ತಿದ್ದ. ಆಮೇಲೆ ಐದಾರು ಜನ ಸೇರಿ, ತಲೆಗೆ ನೂರೈವತ್ತು ಹಾಕಿ ಮಾಡೆಲ್ ಕರೆಸಿದೆವು. ಎರಡು ತಿಂಗಳಲ್ಲಿ ಒಬ್ಬೊಬ್ಬರೇ ಜಾರಿಕೊಂಡರು. ಒಂದು ಸಲಕ್ಕೆ ಏಳೆಂಟು ನೂರು, ಕಾಫಿ ತಿಂಡಿ ಬೇರೆ, ಎಲ್ಲಾ ನನ್ನ ಜೇಬಿನಿಂದಲೇ.

ಮೈಸೂರಿನಲ್ಲಿ ಗರಡಿ ಮನೆಗಳಿಗೆ ಬರವಿಲ್ಲ ಅಲ್ವಾ. ಈಗ ನನಗೆ ಮಾಡೆಲ್ ಆಗಿ ನಿಲ್ಲುವ ಪೈಲ್ವಾನರು ಸಿಕ್ಕಿದ್ದು ಅಲ್ಲೇ. ಕುಸ್ತಿ ಬಿಟ್ಟು ಎಷ್ಟೋ ವರ್ಷ ಆಗಿದೆ, ಬೆನ್ನು ಇನ್ನೂ ಹಾಗೇ ಇದೆ. ಲಂಗೋಟಿಯಲ್ಲಿ ನಿಲ್ಲೋಕೆ ಸಂಕೋಚವೂ ಇಲ್ಲ. "ಸುಮ್ನೆ ನಿಲ್ಲೋಕೂ ದುಡ್ಡಾ ಮೇಷ್ಟ್ರೇ?" ಅಂದವರು ಮೊದಲ ದಿನವೇ 20 ನಿಮಿಷಕ್ಕೆ ಕಾಲು ಜೋಮು ಹಿಡಿದು ಕೂತುಬಿಟ್ಟರು. ಇದಕ್ಕಿಂತ ನೂರು ಬಸ್ಕಿ ವಾಸಿಯಂತೆ!

ಈಗ ಹೀಗೆ ಮಾಡುತ್ತೇವೆ. ಅವರು ಹಾಲಿನಲ್ಲಿ ನಿಲ್ಲುತ್ತಾರೆ, ಪಾದದ ಸುತ್ತ ಸೀಮೆಸುಣ್ಣದ ಗೆರೆ. ನಾನು ಬರಿಗೈಯಲ್ಲಿ ಎರಡು ಮೂರು ನಿಮಿಷ ನೋಡುತ್ತೇನೆ. ಆಮೇಲೆ ಒಳಗಿನ ರೂಮಿಗೆ ಹೋಗಿ ಬಿಡಿಸುತ್ತೇನೆ. ಮರೆತರೆ ಮತ್ತೆ ಹೊರಗೆ. ಹೋಗುವ ದಾರಿಯಲ್ಲೇ ರೆಪ್ಪೆ, ಬೆರಳು, ನೆರಳಿನ ಚೂರುಪಾರು ಎಲ್ಲ ಉದುರಿಹೋಗುತ್ತವೆ, ಉಳಿಯುವುದು ಭಾರ ಮಾತ್ರ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರ ಗಂಟಲ ಕುಳಿಯಿಂದ ದಾರ ಇಳಿಬಿಟ್ಟರೆ ಅದು ಆ ಕಾಲಿನ ಪಾದದ ಗಿಣ್ಣಿನ ಒಳಬದಿಯ ಹತ್ತಿರ ಬೀಳುತ್ತದೆ. ಆ ಕಡೆ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಇದು ಚಿತ್ರ ಬಿಡಿಸುವವರಿಗೆಲ್ಲ ಗೊತ್ತಿರೋದೇ. ಆದರೆ ಮಾಡೆಲ್ ಎದುರಿಗೇ ಇದ್ದರೆ ಕಣ್ಣು ಅದನ್ನು ಬಿಟ್ಟು ಮೂಗಿನ ಹಿಂದೆ ಹೋಗುತ್ತದೆ. ನೋಡುವಾಗ ಬೆರಳಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಅದೇನು ಅಂತ ಹೇಳೋದು ಭಾನುವಾರ ಬರುವವರಿಗೆ ಮಾತ್ರ.

ಇದೇನು ನನ್ನ ತಲೆಯಿಂದ ಹುಟ್ಟಿದ್ದಲ್ಲ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಲೆಕಾಕ್ ಅನ್ನೋ ಮೇಷ್ಟ್ರು ನೆನಪಿನಿಂದ ಬಿಡಿಸೋದನ್ನೇ ಕಲಿಸುತ್ತಿದ್ದರು. ಶಿಲ್ಪಿ ರೊದಾನ್ ಅವರ ಶಿಷ್ಯ.

ದುಡ್ಡೂ ಉಳಿಯಿತು. ನಾನು ಒಳಗಿದ್ದಾಗ ಪೈಲ್ವಾನರು ಕೂತು ಪೇಪರ್ ಓದುತ್ತಾರೆ. ಹಾಗಾಗಿ ಎರಡು ಗಂಟೆಗೆ ಐನೂರು ಸಾಕು ಅಂತ ಅವರೇ ಇಳಿಸಿದರು. ಕಾಗದ ಪ್ರೆಸ್‌ನಲ್ಲಿ ಉಳಿದ ನ್ಯೂಸ್‌ಪ್ರಿಂಟ್, ಕೆಜಿ ಲೆಕ್ಕದಲ್ಲಿ ತರುತ್ತೇನೆ. ಚಾರ್ಕೋಲ್, ಅಂದರೆ ಬಿಡಿಸುವ ಇದ್ದಿಲ ಕಡ್ಡಿ ಕೂಡ ಮನೆಯಲ್ಲೇ ಸುಟ್ಟು ನೋಡಿದೆ. ಹಿಪ್ಪುನೇರಳೆ ಕಡ್ಡಿ ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಹಂಡೆ ಒಲೆಗೆ ಇಟ್ಟು, ಹೊಗೆ ನಿಲ್ಲುವ ತನಕ ಬಿಡಬೇಕು. ಪರವಾಗಿಲ್ಲ, ಕಪ್ಪು ಸ್ವಲ್ಪ ತೆಳು. ನುಗ್ಗೆ ಕಡ್ಡಿ ಮಾತ್ರ ಪುಡಿಪುಡಿ.

ಮಲಗಿದ ಭಂಗಿಗೆ ಈ ಉಪಾಯ ಇನ್ನೂ ಕೈ ಕೊಡುತ್ತದೆ. ಪಾದ ನನ್ನ ಕಡೆ, ತಲೆ ಆಚೆ ಇದ್ದರೆ ಗಿಡ್ಡವಾಗಿ ಕಂಡ ಕಾಲು ರೂಮಿಗೆ ಹೋಗುವಷ್ಟರಲ್ಲಿ ನೆನಪಿನಲ್ಲಿ ಉದ್ದವಾಗಿಬಿಡುತ್ತದೆ. ಆಗ ಬೋರ್ಡನ್ನು ಹಾಲಿಗೇ ಎತ್ತಿಕೊಂಡು ಬರುತ್ತೇನೆ.