ಕಲಬುರಗಿಯಲ್ಲಿ ಕೂತು ಸ್ಕೂಬಾ ಸಾಮಾನು ಕೊಳ್ಳುವುದು ಹೇಗೆ?

ನಮ್ಮ ಕಡೆ ಬಹಳ ಮಂದಿ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿ ಮೇಲಿಂದ ನೂಕಿದರೆ ಮುಗೀತು. ಬೇರೆ ಸಾಮಾನು ಯಾವುದೂ ಬೇಕಿರಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಆಳಕ್ಕಿಳಿಯುವ ಸ್ಕೂಬಾ ಹಾಗಲ್ಲ. ನೀರಿನ ಕೆಳಗೆ ನಮ್ಮ ಉಸಿರೇ ಸಾಮಾನಿನ ಕೈಯಲ್ಲಿರುತ್ತದೆ.

ಈಗ ಕಲಬುರಗಿ, ಬೀದರ್, ಯಾದಗಿರಿ ಕಡೆಯವರೂ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿ ಬರುತ್ತಾರೆ. ಬಂದವರು ಒಂದೇ ಪ್ರಶ್ನೆ ಕೇಳುತ್ತಾರೆ: ಸ್ವಂತ ಸಾಮಾನು ಎಲ್ಲಿ ತಗೊಳ್ಳೋದು, ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ?

ಕಣ್ಣು, ಮೂಗು ಮುಚ್ಚುವ ಡೈವಿಂಗ್ ಮಾಸ್ಕ್ ನಾನು ಮೊದಲು ಕೊಂಡದ್ದು ಆನ್‌ಲೈನ್‌ನಲ್ಲಿ. ಫೋಟೊ ಚೆನ್ನಾಗಿತ್ತು, ಸ್ಟಾರ್‌ಗಳೂ ಜಾಸ್ತಿ ಇದ್ದವು. ನೇತ್ರಾಣಿಯಲ್ಲಿ ಆರು ಮೀಟರ್ ಇಳಿಯುವಷ್ಟರಲ್ಲಿ ಮೂಗಿನ ಕೆಳಗಿಂದ ನೀರು ಒಳಗೆ ಬಂತು. ತಲೆ ಎತ್ತಿ, ಮಾಸ್ಕಿನ ಮೇಲ್ತುದಿ ಒತ್ತಿ, ಮೂಗಿನಿಂದ ಉಸಿರು ಬಿಟ್ಟೆ. ನೀರು ಹೋಯಿತು. ಎರಡು ನಿಮಿಷಕ್ಕೆ ಮತ್ತೆ ಬಂತು. ಇಡೀ ಡೈವ್ ಅದರಲ್ಲೇ ಕಳೆಯಿತು. ಪಕ್ಕದವರು ಮೀನಿನ ಹಿಂಡು ತೋರಿಸುತ್ತಿದ್ದರೆ ನನಗೆ ಕಂಡದ್ದು ಮಂಜು ಮಂಜು. ದೋಣಿ ಹತ್ತಿದಾಗ ಕಣ್ಣು ಕೆಂಪು ದಾಸವಾಳ. ಮಾಸ್ಕ್ ಕೆಟ್ಟದ್ದೇನೂ ಆಗಿರಲಿಲ್ಲ. ನನ್ನ ಮುಖಕ್ಕೆ ಅದು ಕೂರುತ್ತಿರಲಿಲ್ಲ, ಅಷ್ಟೇ.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಮೈಗೆ ಅಂಟಿ ಕೂರಬೇಕಾದದ್ದನ್ನು ಹಾಕಿ ನೋಡಿಯೇ ಕೊಳ್ಳುತ್ತೇನೆ. ಉಸಿರು ಕೊಡುವ ಸಾಮಾನನ್ನು ಅದನ್ನು ಬಿಚ್ಚಿ ಸರ್ವೀಸ್ ಮಾಡಿಕೊಡುವವರ ಹತ್ತಿರವೇ ಕೊಳ್ಳುತ್ತೇನೆ. ಮಿಕ್ಕದ್ದನ್ನು ಆನ್‌ಲೈನ್‌ನಲ್ಲಿ ಆರಾಮಾಗಿ ತರಿಸುತ್ತೇನೆ.

ಮೊದಲು ಕೋರ್ಸ್, ಆಮೇಲೆ ಸಾಮಾನು

ಒಂದು ಸಲ ಇಳಿದು ಬಂದ ಖುಷಿಯಲ್ಲಿ ಎಲ್ಲವನ್ನೂ ಕೊಳ್ಳಲು ಹೋಗಬೇಡಿ. ಪ್ರವಾಸಿಗರಿಗೆ ಮಾಡಿಸುವ ಡೈವ್‌ನಲ್ಲಿ ಬೋಧಕರು ಪಕ್ಕದಲ್ಲೇ ಇರುತ್ತಾರೆ. ಹೆಚ್ಚೆಂದರೆ 12 ಮೀಟರ್. 'ಓಪನ್ ವಾಟರ್' ಕೋರ್ಸ್ ಮುಗಿಸಿದರೆ 18 ಮೀಟರ್ ತನಕ ಜೊತೆಗಾರರೊಂದಿಗೆ ಇಳಿಯಬಹುದು. ಕೋರ್ಸಿನಲ್ಲಿ ಸಾಮಾನೆಲ್ಲ ಅವರೇ ಕೊಡುತ್ತಾರೆ. ಅದನ್ನು ಹಾಕಿಕೊಂಡು ಇಳಿಯುವಾಗಲೇ ಗಮನಿಸಿ. ಯಾವ ಬ್ರ್ಯಾಂಡಿನ ಫಿನ್ಸ್, ಅಂದರೆ ಈಜುರೆಕ್ಕೆ, ಕಾಲಿಗೆ ಹಿಡಿಸಿತು? ಯಾವ ಸೈಜಿನ ತೇಲುವ ಜಾಕೆಟ್ ಭುಜಕ್ಕೆ ಸರಿ ಬಂತು? ಸಂಜೆ ರೂಮಿಗೆ ಬಂದಾಗ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲೇ ಕೊಂಡರೂ ಈ ನಾಲ್ಕು ಸಾಲು ಬಹಳ ಕೆಲಸಕ್ಕೆ ಬರುತ್ತವೆ.

ನಮಗೆ 'ಲೋಕಲ್ ಅಂಗಡಿ' ಅಂದರೆ ಯಾವುದು?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಸ್ಪೋರ್ಟ್ಸ್ ಅಂಗಡಿಗೆ ಹೋದರೆ ಈಜುಗನ್ನಡಕ ಸಿಗುತ್ತದೆ. ಅದನ್ನೇ ಡೈವಿಂಗ್‌ಗೂ ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಖಂಡಿತ ಬೇಡ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಡೈವ್ ಮಾಸ್ಕಿನೊಳಗೆ ಮೂಗೂ ಇರುವುದರಿಂದ ಸ್ವಲ್ಪ ಗಾಳಿ ಬಿಟ್ಟು ಒಳಗಿನ ಒತ್ತಡ ಸರಿ ಮಾಡಬಹುದು. ಈಜುಗನ್ನಡಕದಲ್ಲಿ ಆ ದಾರಿಯೇ ಇಲ್ಲ. ಕಣ್ಣಿನ ಸುತ್ತ ಹೀರಿಕೊಂಡು ರಕ್ತನಾಳ ಒಡೆಯಬಹುದು. ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಕೂಡ ಸ್ಕೂಬಾಕ್ಕಲ್ಲ. ಅದು ನೀರಿನ ಮೇಲೆ ತೇಲುತ್ತಾ ನೋಡಲಿಕ್ಕೆ ಮಾತ್ರ.

ಹಾಗಾಗಿ ನಮ್ಮ ಪಾಲಿಗೆ ಲೋಕಲ್ ಅಂಗಡಿ ಅಂದರೆ ನಾವು ಡೈವ್ ಮಾಡುವ ಊರಿನ ಡೈವ್ ಸೆಂಟರ್. ಮುರುಡೇಶ್ವರ, ಗೋವಾ, ಪುದುಚೇರಿ, ಅಂಡಮಾನ್, ಇಲ್ಲವೇ ತರಬೇತಿ ಕೊಡುವ ಬೆಂಗಳೂರಿನ ಸೆಂಟರ್. ಕಲಬುರಗಿಯಿಂದ ಮುರುಡೇಶ್ವರ 500 ಕಿಲೋಮೀಟರಿಗೂ ಜಾಸ್ತಿ. ಮಾಸ್ಕಿಗೋಸ್ಕರ ಯಾರೂ ಅಷ್ಟು ದೂರ ಹೋಗುವುದಿಲ್ಲ. ಹೇಗಿದ್ದರೂ ಡೈವಿಗೆ ಹೋಗುತ್ತೀರಲ್ಲ, ಆಗ ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ. ಮಾರಲು ಏನೇನಿದೆ ಅಂತ ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಬಹಳ ಸೆಂಟರ್‌ಗಳು ಕಡಿಮೆ ಸ್ಟಾಕ್ ಇಡುತ್ತವೆ, ಹೇಳಿದರೆ ತರಿಸಿಡುತ್ತವೆ.

ಮಾಸ್ಕ್: ಅಂಗಡಿಯಲ್ಲಿ ಕೊಳ್ಳಬೇಕಾದ ಮೊದಲ ಸಾಮಾನು

ಬೇರೇನೂ ಕೊಳ್ಳದಿದ್ದರೂ ಮಾಸ್ಕ್ ಸ್ವಂತದ್ದಿರಲಿ. ಆರಿಸುವುದು ಹೀಗೆ. ಪಟ್ಟಿಯನ್ನು ಮುಂದಕ್ಕೆ ಮಡಚಿ, ತಲೆಗೆ ಹಾಕಬೇಡಿ. ಆಕಾಶ ನೋಡಿದ ಹಾಗೆ ಮುಖ ಮೇಲೆತ್ತಿ, ಮಾಸ್ಕನ್ನು ಮುಖದ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಅಂಚಿನ ಸುತ್ತ ಎಲ್ಲೂ ಸಂದು ಇಲ್ಲ ಅಂತ ಜೊತೆಯವರಿಗೆ ನೋಡಲು ಹೇಳಿ. ಈಗ ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಮುಖ ಕೆಳಗೆ ಮಾಡಿ. ಮಾಸ್ಕ್ ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ್ದು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರಿನ ಬಾಯಿತುಂಡು ಕಚ್ಚಿಕೊಂಡೂ ಒಮ್ಮೆ ಹೀಗೇ ನೋಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ, ಅಲ್ಲಿ ನೀರು ನುಗ್ಗುವುದುಂಟು.

ಮೀಸೆ ಇರುವವರು ಇನ್ನೂ ಹುಷಾರಾಗಿರಬೇಕು. ಮೂಗಿನ ಕೆಳಗಿನ ಸಿಲಿಕೋನ್ ಅಂಚು ಚರ್ಮಕ್ಕೆ ತಾಗಬೇಕು, ಕೂದಲಿಗಲ್ಲ. ನಾನು ಈಗ ಟ್ರಿಪ್‌ಗೆ ಮುಂಚೆ ಮೂಗಿನ ಕೆಳಗೆ ಒಂದು ಗೆರೆಯಷ್ಟು ಮೀಸೆ ಬೋಳಿಸುತ್ತೇನೆ. ಹಣೆಯ ಕೂದಲು, ತಲೆಗೆ ಹಾಕುವ ಹುಡ್‌ನ ಅಂಚು ಒಳಗೆ ಸಿಕ್ಕರೂ ಇದೇ ಕಥೆ.

ಗಾಜಿನ ಮೇಲೆ 'ಟೆಂಪರ್ಡ್', ಅಂದರೆ ಗಟ್ಟಿ ಮಾಡಿದ ಗಾಜು, ಅಂತ ಅಚ್ಚಾಗಿರಬೇಕು. ಪ್ಲಾಸ್ಟಿಕ್ ಗಾಜು ಬೇಡ. ಕನ್ನಡಕ ಹಾಕುವವರು ಕಣ್ಣಿನ ಡಾಕ್ಟರ ಚೀಟಿ ಜೊತೆಗೆ ಒಯ್ಯಿರಿ. ಕೆಲವು ಮಾಡೆಲ್‌ಗಳ ಗಾಜು ತೆಗೆದು ಪವರ್ ಇರುವ ಗಾಜು ಕೂರಿಸಬಹುದು. ನೀರಿನಲ್ಲಿ ವಸ್ತುಗಳು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಪವರ್ ತೀರ ಕಡಿಮೆ ಇದ್ದವರಿಗೆ ಅದೂ ಬೇಕಾಗದೇ ಇರಬಹುದು.

ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ತೆಳು ಪದರ ಇರುತ್ತದೆ. ಅದು ಹೋಗದಿದ್ದರೆ ಮಾಸ್ಕ್ ಮಬ್ಬಾಗುತ್ತಲೇ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಲ್ಲಿ ಉಜ್ಜಿ ತೊಳೆಯಿರಿ. ಎರಡು ಮೂರು ಸಲ ಮಾಡಬೇಕಾಗುತ್ತದೆ. ಗಾಜಿಗೆ ವಿಶೇಷ ಲೇಪ ಇದೆ ಅಂತ ಬರೆದಿದ್ದರೆ ಮಾತ್ರ ಉಜ್ಜಬೇಡಿ, ಕಂಪನಿಯ ಸೂಚನೆ ನೋಡಿ.

ಆನ್‌ಲೈನ್‌ನಲ್ಲೇ ಕೊಳ್ಳಬೇಕಾಗಿ ಬಂದರೆ? ಬಾಡಿಗೆಗೆ ಹಾಕಿ ಒಗ್ಗಿದ ಮಾಡೆಲ್‌ನ ಹೆಸರು ನೋಡಿ ಅದನ್ನೇ ತರಿಸಿ. ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ಮೊದಲೇ ಓದಿ. ಬಾಕ್ಸ್ ಬಂದ ದಿನವೇ ಮುಖಕ್ಕಿಟ್ಟು ನೋಡಿ. ಟೂತ್‌ಪೇಸ್ಟ್ ಹಚ್ಚುವುದು ಆಮೇಲೆ. ಹಚ್ಚಿದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ.

ಫಿನ್ಸ್, ವೆಟ್‌ಸೂಟ್

ಫಿನ್ಸ್‌ನಲ್ಲಿ ಎರಡು ಬಗೆ. ಬರಿಗಾಲಿಗೆ ಹಾಕುವುದು ಒಂದು, ಬೂಟಿ, ಅಂದರೆ ಮೆತ್ತನೆಯ ಡೈವಿಂಗ್ ಬೂಟು, ಹಾಕಿ ಹಿಂದೆ ಪಟ್ಟಿ ಬಿಗಿಯುವುದು ಇನ್ನೊಂದು. ಪಟ್ಟಿಯದ್ದಾದರೆ ಬೂಟಿ ಮೊದಲು ಕೊಳ್ಳಿ, ಅದನ್ನು ಹಾಕಿಕೊಂಡೇ ಫಿನ್ಸ್ ನೋಡಿ. ಆನ್‌ಲೈನ್‌ನಲ್ಲಿ ತರಿಸುವವರು ಚಪ್ಪಲಿ ನಂಬರ್ ಮೇಲೆ ಹೋಗಬೇಡಿ, ಯುರೋಪಿನ ನಂಬರೇ ಬೇರೆ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ. ಆಗ ಕಾಗದದ ಮೇಲೆ ನಿಂತು ಗೆರೆ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಸೆಂಟಿಮೀಟರ್ ಅಳೆಯಿರಿ.

ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ನಮ್ಮ ಬೆಚ್ಚಗಿನ ಸಮುದ್ರಕ್ಕೆ 3 ಮಿಲಿಮೀಟರ್ ದಪ್ಪದ್ದು ಸಾಕು. ಸೆಕೆಯ ಊರಿನವರಿಗೆ ಇದೂ ಯಾಕೆ ಅನಿಸಬಹುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆದುಕೊಳ್ಳುತ್ತದೆ. ಮುಕ್ಕಾಲು ಗಂಟೆ ನೀರಿನಲ್ಲಿದ್ದರೆ ಹಲ್ಲು ಕಟಕಟ ಅನ್ನುತ್ತವೆ. ಸೂಟ್ ಮೈಗೆ ಬಿಗಿಯಾಗಿರಬೇಕು, ಆದರೆ ಉಸಿರು ಪೂರ್ತಿ ಎಳೆಯಲು ಬರಬೇಕು. ಇದನ್ನೂ ಹಾಕಿ ನೋಡಿ ಕೊಳ್ಳುವುದೇ ಒಳ್ಳೆಯದು.

ರೆಗ್ಯುಲೇಟರ್: ಕಡಿಮೆ ಬೆಲೆ ನೋಡಿ ಕೊಳ್ಳುವ ಸಾಮಾನಲ್ಲ

ತುಂಬಿದ ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಸಿಲಿಂಡರಿಗೆ ಹತ್ತುವ ಮೊದಲ ಭಾಗ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಹತ್ತು ಬಾರ್ ಆಸುಪಾಸು ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಿಯಲ್ಲಿ ಕಚ್ಚುವ ಎರಡನೇ ಭಾಗ ನಾವಿರುವ ಆಳಕ್ಕೆ ತಕ್ಕ ಹಾಗೆ ಉಸಿರು ಕೊಡುತ್ತದೆ. ಇಷ್ಟು ಕೆಲಸ ಮಾಡುವುದು ಪುಟ್ಟ ಪುಟ್ಟ ರಬ್ಬರ್ ಉಂಗುರ, ಸ್ಪ್ರಿಂಗ್, ಕವಾಟದ ಸೀಟ್‌ಗಳು. ಅವು ಸವೆಯುತ್ತವೆ. ಕಂಪನಿ ಹೇಳಿದ ಅವಧಿಗೆ ಸರಿಯಾಗಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಪರೀಕ್ಷೆ ಆಗಲೇಬೇಕು. ಅದಕ್ಕೆ ಆ ಮಾಡೆಲ್‌ನದೇ ಬಿಡಿಭಾಗದ ಕಿಟ್ ಬೇಕು, ತರಬೇತಿ ಪಡೆದ ಕೈ ಬೇಕು. ನಮ್ಮ ಊರಿನ ಜಾಣ ಮೆಕ್ಯಾನಿಕ್‌ಗೂ ಇದನ್ನು ಕೊಡಬಾರದು.

ಅದಕ್ಕೇ ಬೆಲೆ ಕೇಳುವ ಮೊದಲು ಈ ಪ್ರಶ್ನೆ ಕೇಳಿ: ಇದರ ಸರ್ವೀಸ್ ಭಾರತದಲ್ಲಿ ಎಲ್ಲಿ ಆಗುತ್ತದೆ, ಕಿಟ್ ಸಿಗುತ್ತದಾ, ವಾಪಸ್ ಬರಲು ಎಷ್ಟು ದಿನ? ಅಂಗಡಿಯವರು ತಡವರಿಸದೆ ಉತ್ತರಿಸಿದರೆ ನಾಲ್ಕು ಸಾವಿರ ಜಾಸ್ತಿ ಇದ್ದರೂ ಅಲ್ಲೇ ಕೊಳ್ಳಿ. ವಿದೇಶಿ ವೆಬ್‌ಸೈಟಿನಲ್ಲಿ ಅಗ್ಗ ಕಂಡರೆ ಅದರ ಪಕ್ಕದಲ್ಲಿ ಕೊರಿಯರ್, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸರ್ವೀಸಿಗೆ ಕಳಿಸಿ ತರಿಸುವ ಖರ್ಚು ಎಲ್ಲ ಬರೆದು ಕೂಡಿಸಿ. ಅಧಿಕೃತ ಡೀಲರ್ ಅಲ್ಲದವರಿಂದ ಕೊಂಡರೆ ಬಹಳ ಕಂಪನಿಗಳು ವಾರಂಟಿ ಕೊಡುವುದಿಲ್ಲ. ಡೀಲರ್‌ಗಳ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಆನ್‌ಲೈನ್ ಮಾರಾಟಗಾರರ ಹೆಸರು ಅದರಲ್ಲಿದ್ದರೆ ಧೈರ್ಯವಾಗಿ ಕೊಳ್ಳಬಹುದು.

ಕೈಗೆ ತಗೊಂಡು ನೋಡುವಾಗ ಎರಡು ಗುರುತು ಹುಡುಕಿ. ಯುರೋಪಿನ 'ಇಎನ್ 250' ಮಾನದಂಡದ ಅಚ್ಚು ಒಂದು. ಸಿಲಿಂಡರಿಗೆ ಜೋಡಿಸುವ ಬಗೆ ಇನ್ನೊಂದು: ಕವಾಟದ ಮೇಲೆ ಕೂತು ತಿರುಪಿನಿಂದ ಬಿಗಿಯುವ 'ಯೋಕ್', ಇಲ್ಲವೇ ಒಳಗೆ ತಿರುಗಿಸಿ ಕೂರಿಸುವ 'ಡಿನ್'. ನೀವು ಹೋಗುವ ಸೆಂಟರಿನಲ್ಲಿ ಯಾವ ಸಿಲಿಂಡರ್ ಇದೆ ಅಂತ ಕೇಳಿಯೇ ಆರಿಸಿ. ಡಿನ್‌ಗೆ ಅಡಾಪ್ಟರ್ ಹಾಕಿ ಯೋಕ್ ಮಾಡಿಕೊಳ್ಳಬಹುದು.

ಹಳೆಯದು ಸಿಕ್ಕರೆ ಮೊದಲ ಭಾಗದ ಧೂಳುಮುಚ್ಚಳ ತೆಗೆದು ಒಳಗಿನ ಪುಟ್ಟ ಲೋಹದ ಫಿಲ್ಟರ್ ನೋಡಿ. ಹೊಳೆಯುವ ಬೂದುಬಣ್ಣ ಇದ್ದರೆ ಸರಿ. ಹಸಿರಾಗಿದ್ದರೆ ಉಪ್ಪುನೀರು ಒಳಗೆ ಹೋಗಿದೆ. ತುಕ್ಕಿನ ಬಣ್ಣ ಇದ್ದರೆ ತುಕ್ಕು ಹಿಡಿದ ಸಿಲಿಂಡರಿನ ಪುಡಿ ಬಂದಿದೆ. ಆಮೇಲೆ ಮುಚ್ಚಳ ಬಿಗಿಯಾಗಿ ಹಾಕಿ, ಬಾಯಿತುಂಡಿನಿಂದ ಉಸಿರು ಎಳೆಯಿರಿ. ಗಾಳಿ ಬರಲೇಬಾರದು. ಬಂದರೆ ಎಲ್ಲೋ ಸೋರುತ್ತಿದೆ. ಇದೆಲ್ಲ ಸರಿ ಇದ್ದರೂ ಪೂರ್ತಿ ಸರ್ವೀಸ್ ಮಾಡಿಸದೆ ನೀರಿಗಿಳಿಯಬೇಡಿ.

ಗಾಳಿ ತುಂಬಿ ತೇಲುವ ಜಾಕೆಟ್, ಅಂದರೆ ಬಿಸಿಡಿ, ಇದೇ ಜಾತಿಗೆ ಸೇರಿದ್ದು. ಮನೆಗೆ ತಂದ ದಿನ ಬಾಯಿಂದ ಊದಿ ಗಟ್ಟಿ ಮಾಡಿ ರಾತ್ರಿ ಇಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ವಾಪಸ್ ಕಳಿಸಿ. ಸಿಲಿಂಡರ್ ಮಾತ್ರ ಕೊಳ್ಳಲೇಬೇಡಿ. ಸೆಂಟರಿನವರೇ ಕೊಡುತ್ತಾರೆ, ಕಲಬುರಗಿಯಲ್ಲಿ ಅದನ್ನಿಟ್ಟುಕೊಂಡು ಮಾಡುವುದೂ ಏನಿಲ್ಲ.

ಆನ್‌ಲೈನ್‌ನಲ್ಲಿ ತರಿಸಬಹುದಾದವು

ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್, ಟಾರ್ಚ್, ನೀರಿನ ಮೇಲೆ ಗುರುತಿಗೆ ಬಿಡುವ ಕಿತ್ತಳೆ ಬಣ್ಣದ ಬಲೂನು, ಬಲೆಚೀಲ, ಸ್ನಾರ್ಕೆಲ್, ಸಿಳ್ಳೆ. ಇವಕ್ಕೆ ಅಳತೆಯ ತಲೆನೋವಿಲ್ಲ. ಕಂಪ್ಯೂಟರ್ ಕೊಳ್ಳುವಾಗ ಬ್ಯಾಟರಿ ಮನೆಯಲ್ಲೇ ಬದಲಿಸಲು ಬರುವಂಥದ್ದು, ಇಲ್ಲವೇ ಚಾರ್ಜ್ ಮಾಡುವಂಥದ್ದು ಆರಿಸಿ. ಕೆಲವಕ್ಕೆ ಬ್ಯಾಟರಿ ಬದಲಿಸಲೂ ಸರ್ವೀಸ್ ಸೆಂಟರಿಗೆ ಕಳಿಸಬೇಕು.

ಬಾಕ್ಸ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಹಿಡಿದು ಕೊನೆಯತನಕ ಒಂದೇ ವಿಡಿಯೊ ಮಾಡಿ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇದೆಯಾ ನೋಡಿ. ಮೋಸವಾದರೆ ಸುಮ್ಮನಿರಬೇಡಿ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರಿದವರು ಯಾವ ಊರಿನವರಾದರೂ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ನಮ್ಮ ಬಿಸಿಲಿನಲ್ಲಿ ಇಡುವುದು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ ಇರುತ್ತದೆ. ತಗಡಿನ ಕೋಣೆ, ಅಟ್ಟ, ಕಾರಿನ ಡಿಕ್ಕಿ ಯಾವುದರಲ್ಲೂ ಇಡಬೇಡಿ. ನಾನು ಒಂದು ಬೇಸಿಗೆ ಅಟ್ಟದಲ್ಲಿಟ್ಟಿದ್ದ ಫಿನ್ಸಿನ ರಬ್ಬರ್ ಪಟ್ಟಿ ತೆಗೆದಾಗ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಎಳೆದ ಕೂಡಲೇ ತುಂಡಾಯಿತು. ಈಗ ಎಲ್ಲವೂ ಮಲಗುವ ಕೋಣೆಯ ಬೀರುವಿನ ಕೆಳಖಾನೆಯಲ್ಲಿವೆ. ರೆಗ್ಯುಲೇಟರಿನ ಕೊಳವೆಗಳನ್ನು ಮಡಚದೆ ಅಗಲವಾಗಿ ಸುತ್ತಿಟ್ಟಿದ್ದೇನೆ. ಬಿಸಿಡಿಯಲ್ಲಿ ಸ್ವಲ್ಪ ಗಾಳಿ ಬಿಟ್ಟಿದ್ದೇನೆ. ಸಮುದ್ರದಿಂದ ಬಂದ ಸಾಮಾನನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಬೋರಿನ ನೀರು ಗಡಸಾದರೆ ಬಿಳಿ ಕಲೆ ಕೂರುತ್ತದೆ, ಕೊನೆಯ ಸಲ ಜಾಲಿಸಲು ಫಿಲ್ಟರ್ ನೀರು ಬಳಸಿ. ನೆರಳಲ್ಲೇ ಒಣಗಿಸಿ.

ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ನಿಂತಿರುತ್ತದೆ. ಕೊಳ್ಳಲು, ಸರ್ವೀಸಿಗೆ ಕಳಿಸಲು ಅದೇ ಸರಿಯಾದ ಹೊತ್ತು. ಜುಲೈನಲ್ಲಿ ತರಿಸಿದ್ದು ಸರಿ ಬರದಿದ್ದರೆ ವಾಪಸ್ ಮಾಡಿ ಇನ್ನೊಂದು ತರಿಸಲು ಸಮಯ ಇರುತ್ತದೆ. ಟ್ರಿಪ್‌ಗೆ ಎರಡು ವಾರ ಮೊದಲು ಎಲ್ಲ ಹೊರಗೆ ತೆಗೆದು ಪಟ್ಟಿಗಳನ್ನು ಎಳೆದು ನೋಡಿ, ಕಂಪ್ಯೂಟರ್ ಆನ್ ಮಾಡಿ, ಊರಿನ ಈಜುಕೊಳದಲ್ಲಿ ಮಾಸ್ಕ್ ಹಾಕಿ ಹತ್ತು ನಿಮಿಷ ಈಜಿ. ನೀರು ಬಂದರೆ ಅಲ್ಲೇ ಗೊತ್ತಾಗಲಿ.