ಲಾಡಿ, ಕಾಲುಂಗುರ, ಒಂದು ಟೇಪು

ನನ್ನ ಏಪ್ರನ್ ಜೇಬಿನಲ್ಲಿ ಯಾವಾಗಲೂ ಒಂದು ದರ್ಜಿ ಟೇಪು ಇರುತ್ತದೆ. ನಾನು ಕ್ಯಾನ್ಸರ್ ವಾರ್ಡಿನ ಫಿಸಿಯೋಥೆರಪಿಸ್ಟ್. ಗರ್ಭಕೋಶ ಅಥವಾ ಅದರ ಕೊರಳಿನ ಕ್ಯಾನ್ಸರಿಗೆ ಆಪರೇಷನ್ ಆಗುವವರನ್ನು ಹಿಂದಿನ ದಿನವೇ ಹೋಗಿ ನೋಡುತ್ತೇನೆ. ಆಮೇಲೆ ಕಾಲು ಊದಿದರೆ ಹೋಲಿಸಿ ನೋಡಲು, ಪಾದದಿಂದ ತೊಡೆಯವರೆಗೆ 10 ಸೆಂಟಿಮೀಟರಿಗೊಂದು ಸುತ್ತಳತೆ, ಎರಡೂ ಕಾಲಿಗೆ. "ಪ್ಯಾಂಟ್ ಹೊಲಿಸಿ ಕೊಡ್ತೀರಾ ಮೇಡಂ?" ಅಂತ ಒಬ್ಬರು ಕೇಳಿದ್ದರು.

ಈ ಅಭ್ಯಾಸ ಬಂದದ್ದು ಒಂದು ತಪ್ಪಿನಿಂದ. ಮೊದಲೆಲ್ಲ ಯಾರಾದರೂ "ಕಾಲು ಭಾರ" ಅಂದಾಗ ಮಾತ್ರ ಟೇಪು ತೆಗೆಯುತ್ತಿದ್ದೆ. ಒಂದು ಕಾಲನ್ನು ಇನ್ನೊಂದಕ್ಕೆ ಹೋಲಿಸುತ್ತಿದ್ದೆ. ಸ್ತನ ಕ್ಯಾನ್ಸರಿನವರಲ್ಲಿ ಹೀಗೆ ಹೋಲಿಸಿದರೆ ನಡೆಯುತ್ತದೆ, ಸಾಮಾನ್ಯವಾಗಿ ಒಂದೇ ಕೈ ಊದುವುದು. ಆದರೆ ಕಿಬ್ಬೊಟ್ಟೆಯಲ್ಲಿ ಲಿಂಫ್ ನೋಡ್‌ಗಳನ್ನು, ಅಂದರೆ ಲಿಂಫ್ ಅನ್ನುವ ಮೈಯೊಳಗಿನ ತಿಳಿನೀರನ್ನು ಸೋಸುವ ಸಣ್ಣ ಗಂಟುಗಳನ್ನು, ಎರಡೂ ಕಡೆಯಿಂದ ತೆಗೆಯುತ್ತಾರೆ. ಎರಡೂ ಕಾಲು ಒಟ್ಟಿಗೇ ಊದಬಹುದು. ಮಲೆನಾಡಿನ ಒಬ್ಬ ಅಮ್ಮನಿಗೆ ಎರಡು ಕಾಲಿಗೂ ಅರ್ಧ ಸೆಂಟಿಮೀಟರೂ ವ್ಯತ್ಯಾಸ ಇರಲಿಲ್ಲ. "ಏನೂ ಇಲ್ಲಮ್ಮ" ಅಂದುಬಿಟ್ಟೆ. ಮೂರು ತಿಂಗಳ ಮೇಲೆ ಬಂದು, "ಚಪ್ಪಲಿನೇ ಹಿಡಿಸ್ತಾ ಇಲ್ಲ ಮೇಡಂ" ಅಂದರು. ಎರಡೂ ಪಾದ ದಪ್ಪಗಾಗಿತ್ತು. ಮೊದಲು ಎಷ್ಟಿತ್ತು ಅನ್ನೋದು ನನ್ನ ಹತ್ತಿರ ಇರಲೇ ಇಲ್ಲ.

ಅವರ ಮೊದಲ ಪ್ರಶ್ನೆ, "ಆನೆಕಾಲಾ?" ಅಲ್ಲ, ಇದು ಸೊಳ್ಳೆಯಿಂದ ಬಂದದ್ದಲ್ಲ. ಲಿಂಫ್ ಹರಿಯುವ ದಾರಿ ಕಡಿದದ್ದರಿಂದ ನೀರು ನಿಂತದ್ದು. ಆದರೆ ಆನೆಕಾಲಿನವರಿಗೆ ಹೇಳಿಕೊಡುವ ಪಾದದ ಆರೈಕೆಯೇ ಇಲ್ಲಿಗೂ ಬೇಕು. ಅದನ್ನೇ ನಾನು ಎಲ್ಲಕ್ಕಿಂತ ಜಾಸ್ತಿ ಹೇಳುವುದು.

ಅಡಿಕೆ ತೋಟ, ಗದ್ದೆ, ಒದ್ದೆ ಬಚ್ಚಲು. ನಮ್ಮ ಹೆಂಗಸರ ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇರುವುದು ಮಾಮೂಲು. ಆ ಸಣ್ಣ ಬಿರುಕಿನಿಂದ ಸೋಂಕು ಒಳಹೊಕ್ಕರೆ ಒಂದೇ ರಾತ್ರಿಯಲ್ಲಿ ಚಳಿಜ್ವರ, ಕೆಂಪಾದ ಕಾಲು. ಅಂಥ ಪ್ರತಿ ಸೋಂಕೂ ಉಳಿದ ಲಿಂಫ್ ನಾಳಗಳನ್ನು ಇನ್ನಷ್ಟು ಹಾಳು ಮಾಡುತ್ತದೆ. ಹಾಗಾಗಿ ದಿನಾ ಸೋಪು ಹಾಕಿ ತೊಳೆದು, ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಚರ್ಮ ಒಡೆಯದಂತೆ ಕಾಲಿಗೆ ಕೊಬ್ಬರಿ ಎಣ್ಣೆ, ಆದರೆ ಬೆರಳ ಸಂದಿಗೆ ಬೇಡ. ತೋಟಕ್ಕೆ ಬರಿಗಾಲಲ್ಲಿ ಹೋಗಬಾರದು. ಕಾಲುಂಗುರದ ಮಾತು ಸ್ವಲ್ಪ ನಾಜೂಕು. ಬಿಚ್ಚಿ ಅಂದರೆ ಮುಖ ಬಾಡುತ್ತದೆ. "ಸಡಿಲದ್ದು ಹಾಕ್ಕೊಳ್ಳಿ, ಅಡಿಯಲ್ಲೂ ಒರೆಸಿ" ಅಂದರೆ ಒಪ್ಪುತ್ತಾರೆ.

ಲಂಗದ ಲಾಡಿಯನ್ನು ಬಿಗಿದು ಕಟ್ಟಬೇಡಿ ಅಂತಲೂ ಹೇಳುತ್ತೇನೆ. ಊದಿದ ಕಾಲಿಗೆ ಬಿಸಿ ಶಾಖ ಕೊಡುವುದು, ಎಣ್ಣೆ ಹಾಕಿ ಗಸಗಸ ತಿಕ್ಕುವುದು ಎರಡೂ ಬೇಡ. ಊತ ಏರದಂತೆ ಕಾಲನ್ನು ಒತ್ತಿ ಹಿಡಿಯುವ ಕಂಪ್ರೆಷನ್ ಕಾಲುಚೀಲವನ್ನು ಅಳತೆ ಕೊಟ್ಟೇ ತರಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೊಳ್ಳಬೇಕು. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಎಳೆಯುವುದು ಸುಲಭ. ಬೇಸಿಗೆಯಲ್ಲಿ ಬೈಕೊಳ್ತಾರೆ, ಬೈಸ್ಕೋತೀನಿ.

ವ್ಯಾಯಾಮ ಆಪರೇಷನ್ ಆದ ಮರುದಿನವೇ ಶುರು. ಪಾದ ಮೇಲೆ ಕೆಳಗೆ ಆಡಿಸುವುದು, ಹೊಟ್ಟೆ ಉಬ್ಬುವಂತೆ ನಿಧಾನ ಉಸಿರಾಡುವುದು, ಆಮೇಲೆ ನಡಿಗೆ. ರಕ್ತ ಹೆಪ್ಪುಗಟ್ಟದಂತೆ ಕೆಲವರಿಗೆ ಮನೆಗೆ ಹೋದ ಮೇಲೂ, ಒಟ್ಟು 4 ವಾರದವರೆಗೆ, ಹೊಟ್ಟೆಗೆ ಚುಚ್ಚುಮದ್ದು ಇರುತ್ತದೆ. ಅದನ್ನು ನಡುವೆ ನಿಲ್ಲಿಸಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ನನ್ನ ಹತ್ತಿರ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ. ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಮಸಾಜು ಮಾಡಿದರೆ ಅಪಾಯ. ಕಿಬ್ಬೊಟ್ಟೆಯಲ್ಲಿ ಲಿಂಫ್ ನೀರಿನ ಗುಳ್ಳೆ ಕೂಡ ಆಗಬಹುದು. ಚಿಕ್ಕದಾದರೆ ಎಷ್ಟೋ ಸಲ ತಾನೇ ಇಂಗುತ್ತದೆ. ಜ್ವರ ಬಂದರೆ, ಮೂತ್ರ ಪದೇ ಪದೇ ಬಂದರೆ ತೋರಿಸಲೇಬೇಕು.

ಮಲೆನಾಡಿನ ಆ ಅಮ್ಮನ ಊತ ಪೂರ್ತಿ ಹೋಗಿಲ್ಲ, ಆದರೆ ಹಿಡಿತದಲ್ಲಿದೆ. ಈಗ ಅವರ ಮನೆಯಲ್ಲೂ ಒಂದು ಟೇಪು ಇದೆ. ತಿಂಗಳಿಗೊಂದು ಭಾನುವಾರ ಯಜಮಾನರು ಅಳೆದು ಫೋನ್ ಮಾಡುತ್ತಾರೆ. ಎಷ್ಟು ಸಲ ಹೇಳಿದರೂ ಇಂಚಿನಲ್ಲೇ ಹೇಳುತ್ತಾರೆ. ನಾನು ಸೆಂಟಿಮೀಟರಿಗೆ ತಿರುಗಿಸಿ ಬರೆದುಕೊಳ್ಳುತ್ತೇನೆ.